ಬೇಚರಾಕ ಸಾಹೇಬರ ಪಾಳಿ

ಊರು ಎಂದರೇನು ಎಂಬ ಪ್ರಶ್ನೆಗೆ ನಮ್ಮ ಕಚೇರಿಯಲ್ಲಿ ಹನ್ನೊಂದು ಕಾಲಮ್ಮುಗಳ ಉತ್ತರವಿದೆ. ಹೆಸರು, ಸರ್ವೆ ನಂಬರು, ಮನೆಗಳ ಸಂಖ್ಯೆ, ಜನಸಂಖ್ಯೆ, ಕುಡಿಯುವ ನೀರಿನ ಮೂಲ, ಹೀಗೆ. ಹನ್ನೊಂದನೆಯದು ಷರಾ. ಉಳಿದ ಹತ್ತರಲ್ಲಿ ಹಿಡಿಸದೆ ಹೋದದ್ದನ್ನೆಲ್ಲ ಅಲ್ಲಿ ಬರೆಯಬೇಕು. ಅದರ ಅಗಲ ಎರಡು ಬೆರಳು.

ಫೆಬ್ರವರಿಯ ಮೊದಲ ವಾರ ನನ್ನ ಮೇಜಿಗೆ ಬಂದ ಕಡತದ ಮೇಲೆ ‘ಕಾರಿಕೊಪ್ಪ’ ಎಂದಿತ್ತು. ನಾನು ಹಿರೇಕೆರೂರಿನಲ್ಲಿ ಭೂಮಾಪಕಿ. ಜನ ಇದ್ದೂ ದಾಖಲೆಯಲ್ಲಿ ಇಲ್ಲದ ಸಣ್ಣ ಸಣ್ಣ ವಸತಿಗಳನ್ನು ಅಳೆದು, ಊರೆಂದು ಬರೆದುಕೊಂಡು, ಅಲ್ಲಿನವರಿಗೆ ಮನೆಯ ಹಕ್ಕುಪತ್ರ ಕೊಡುವ ಕೆಲಸ ನಡೆದಿದೆ. ಒಂದು ವರ್ಷದಲ್ಲಿ ಅಂಥ ಹದಿನಾಲ್ಕು ಕಡೆ ಅಳೆದಿದ್ದೆ. ಹದಿನೈದನೆಯದು ನಾನು ಹುಟ್ಟಿದ ಊರು. ಅದನ್ನು ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೂ ನಂಬಿಸುವುದು ಕಷ್ಟವಿತ್ತು. ನನ್ನ ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ಸ್ಥಳ ‘ಮಾಸೂರು’ ಎಂದಿದೆ.

ಕಾರಿಕೊಪ್ಪ ಮಾಸೂರಿನಿಂದ ಮೂರು ಕಿಲೋಮೀಟರು. ಮಾಸೂರಿನವರು ಅದನ್ನು ‘ಕೊಪ್ಪ’ ಎನ್ನುತ್ತಾರೆ. ಬಸ್ಸಿನ ಕಂಡಕ್ಟರಿಗೆ ಅದು ‘ಕಾಲುವಿ ಸ್ಟಾಪು’. ರೇಷನ್ ಅಂಗಡಿಯವನಿಗೆ ‘ಆ ಹಳ್ಳದ ಮಂದಿ’. ಅಲ್ಲಿರುವವರು ಮಾತ್ರ ‘ನಮ್ಮೂರು’ ಎನ್ನುತ್ತಿದ್ದರು.

ನಮ್ಮ ಸೂಪರ್‌ವೈಸರ್ ಶ್ರೀಪಾದ ಸರ್ ಸವಣೂರಿನವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಅವರ ಮನೆತನದಲ್ಲಿ ನಾಲ್ಕು ತಲೆಮಾರು ಸಂಸ್ಕೃತ ಪಾಠ ಹೇಳಿದವರಂತೆ. ಸರ್ ಪಾಠ ಹೇಳಲಿಲ್ಲ, ಆದರೆ ಪಹಣಿಯನ್ನೂ ವ್ಯಾಖ್ಯಾನ ಬರೆಯುವವರಂತೆ ಓದುತ್ತಾರೆ. ಕಡತದ ಹಳೆಯ ನಕಲಿನ ಮೇಲೆ ಬೆರಳಿಟ್ಟು ಕರೆದರು.

“ಇಲ್ಲೆ ಬರ್ರಿ ಸಮತಾ. ಭಾಳ ಛಂದ ಶಬ್ದ ಒಂದು ಸಿಕ್ಕದ.”

ನೂರು ವರ್ಷದ ಹಿಂದಿನ ಕೈಬರಹ: ‘ಮೌಜೆ ಕಾರಿಕೊಪ್ಪ, ಬೇಚರಾಕ್.’ ಮೌಜೆ ಅಂದರೆ ಗ್ರಾಮ; ಅವರ ಬೆರಳು ಇದ್ದದ್ದು ಕೊನೆಯ ಶಬ್ದದ ಮೇಲೆ.

“ಅರ್ಥ ಗೊತ್ತದ ಏನು?”

ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತಿತ್ತು. ‘ಒಬ್ಬ ಸಾಹೇಬರ ಹೆಸರು ಸರ್’ ಎನ್ನಲು ಬಾಯಿ ತೆರೆದವಳು ಯಾಕೋ ತಡೆದೆ. ತರಬೇತಿಯಲ್ಲಿ ನಮಗೆ ಈ ಶಬ್ದವನ್ನು ಕಲಿಸಿರಲಿಲ್ಲ. ಈಗಿನ ನಮೂನೆಗಳಲ್ಲಿ ‘ಜನವಸತಿ ಇಲ್ಲದ ಗ್ರಾಮ’ ಎಂದಿರುತ್ತದೆ.

“ಇಲ್ರಿ ಸರ್.”

“ಬೇ ಅಂದ್ರ ಇಲ್ಲ. ಬೇಕಾರ, ಬೇಫಿಕೀರ ಅಂತೀವಲ್ಲ, ಹಂಗ. ಚಿರಾಗ್ ಅಂದ್ರ ದೀಪ. ಸಂಜೀಮುಂದ ದೀಪ ಹಚ್ಚವ್ರು ಯಾರೂ ಇಲ್ಲದ ಊರು. ನಮ್ಮ ಸವಣೂರಾಗ ಸಣ್ಣ ಹುಡುಗೂರನ್ನ ಕೇಳಿದ್ರೂ ಹೇಳ್ತಾವ. ಯಾವನೋ ಕಾರಕೂನ ಬರಿಯೂದ್ರಾಗ ಚಿರಾಗ್ ಹೋಗಿ ಚರಾಕ್ ಆಗೇದ.”

ನಾನು ಜೋರಾಗಿ ನಕ್ಕೆ. ಸರ್‌ಗೆ ಖುಷಿಯಾಯಿತು, ಶಬ್ದಾರ್ಥ ಕೇಳಿ ಆ ಕಚೇರಿಯಲ್ಲಿ ಯಾರೂ ನಕ್ಕಿರಲಿಲ್ಲ. ನನ್ನ ಜಾಗಕ್ಕೆ ಬಂದು ಕೂತ ಮೇಲೆ ನಗು ಹೋಯಿತು.

*

ಬೇಚರಾಕ ಸಾಹೇಬರ ಕತೆ ನಮ್ಮೂರಿನಲ್ಲಿ ಎಲ್ಲರಿಗೂ ಬರುತ್ತಿತ್ತು. ಮದಗದ ಕೆರೆಯ ಕಾಲುವೆ ತೋಡಲು ಹಿರೇಬೆಂಡಿಗೇರಿ ಕಡೆಯಿಂದ ಒಂಬತ್ತು ಮನೆತನಗಳು ಬಂದವು. ಕೆಲಸ ಮುಗಿದ ಮೇಲೆ ಮರಳಿ ಹೋಗಲಿಲ್ಲ. ಹಳ್ಳದ ಆಚೆ ದಂಡೆಯಲ್ಲಿ ಕಾರಿಗಿಡ ಕಡಿದು ಗುಡಿಸಲು ಹಾಕಿಕೊಂಡರು. ಒಂದು ದಿನ ಕಾರಕೂನನೊಬ್ಬ ಪುಸ್ತಕ ಹಿಡಿದು ಬಂದ. ನಮ್ಮ ಮುತ್ತಜ್ಜ ಕೈ ಮುಗಿದು, ಇದು ಯಾರ ಊರು ಎಂದು ಕೇಳಿದ. ಕಾರಕೂನ ಪುಸ್ತಕ ನೋಡಿ, “ಇದು ಬೇಚರಾಕ್” ಎಂದು ಹೇಳಿ ಹೋಗಿಬಿಟ್ಟ.

ಹೀಗೆ ನಮಗೆ ಒಡೆಯ ಸಿಕ್ಕ. ಆ ಆಚೆ ದಂಡೆಯ ಮೇಲೆಯೇ ‘ಬೇ’ ಎಂದು ಕೆತ್ತಿದ್ದ ಒಂದು ಬಾಂದುಗಲ್ಲಿತ್ತು, ಸರ್ವೆಯವರು ಗಡಿಗೆ ನೆಡುತ್ತಾರಲ್ಲ ಅಂಥದು. ಅದೇ ಸಾಹೇಬರ ಕಲ್ಲು ಎಂದು ಗೊತ್ತಾಯಿತು. ಕೇಳದೆ ಬಂದು ಕೂತಿದ್ದೇವೆ, ತಪ್ಪು ತಿಳಿಯಬೇಡಿ, ದಿನಾ ಸಂಜೆ ನಿಮಗೊಂದು ದೀಪ ಹಚ್ಚುತ್ತೇವೆ ಎಂದು ಒಂಬತ್ತು ಮನೆಯವರೂ ಆ ಕಲ್ಲಿಗೆ ಹೇಳಿಕೊಂಡರು. ಸಾಹೇಬರು ಇಂಗ್ಲಿಷರು ಎಂದು ಕೆಲವರು, ಅಲ್ಲ, ಸವಣೂರ ಕಡೆಯ ಸಂತರು ಎಂದು ಕೆಲವರು. ಅವರು ಮದುವೆಯಾಗಿರಲಿಲ್ಲ ಎನ್ನುವುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ದೀಪಕ್ಕೆ ಪಾಳಿ ಇತ್ತು. ಒಂದು ತಗಡಿನ ಬುಡ್ಡಿ, ಅದರಲ್ಲಿ ಎಣ್ಣೆ; ಹಣತೆ ಕಲ್ಲಿನ ಹತ್ತಿರವೇ ಇರುತ್ತಿತ್ತು. ಪಾಳಿ ಬಂದ ಮನೆಯವರು ಸಂಜೆ ಹೋಗಿ ಹಚ್ಚಬೇಕು, ಬುಡ್ಡಿ ತುಂಬಿಸಿ ಬೆಳಿಗ್ಗೆ ಮುಂದಿನ ಮನೆಗೆ ಕೊಡಬೇಕು. ಕೊಡುವಾಗ ಒಂದೇ ಶಬ್ದ: “ಹಚ್ಚೇವಿ.” ತಗೊಳ್ಳುವವರು ಏನೂ ಅನ್ನುವುದಿಲ್ಲ. ಬೇರೆ ಶಬ್ದ ಹೇಳಿ ಬುಡ್ಡಿ ಕೊಟ್ಟದ್ದನ್ನು ನಾನು ಕೇಳಿಲ್ಲ. ಜ್ವರ ಇದ್ದರೂ, ಮದುವೆ ಇದ್ದರೂ, ಹಳ್ಳ ತುಂಬಿದ್ದರೂ ಯಾರೋ ಒಬ್ಬರು ದಾಟಿ ಹೋಗುತ್ತಿದ್ದರು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ನಮ್ಮ ಮನೆಯೂ ಸೇರಿ ಹದಿನೆಂಟು ಮನೆಯವರು ಹಾನಗಲ್ಲಿಗೆ ಹೋಗಿ ಬೌದ್ಧ ದೀಕ್ಷೆ ತಗೊಂಡು ಬಂದರು. ಬಿಳಿ ಸೀರೆಯಲ್ಲಿ ಅವ್ವ ಬೇರೆ ಯಾರೋ ಅನ್ನಿಸಿದ್ದಳು. ಆ ವಾರವೇ ಭರಮವ್ವ ದೊಡ್ಡವ್ವನ ಪಾಳಿ ಬಂತು. ಅಪ್ಪನ ಅಣ್ಣನ ಹೆಂಡತಿ ಅವಳು. ಬುಡ್ಡಿ ಹಿಡಿದು ಹೊರಟವಳನ್ನು ಅಪ್ಪ ತಡೆದ.

“ದೇವ್ರು ದಿಂಡ್ರು ಎಲ್ಲಾ ಬಿಟ್ಟೇವಿ ಅಂತ ನಿನ್ನೆ ಮೊನ್ನೆ ಕೈಯೆತ್ತಿ ಹೇಳಿ ಬಂದಿಯಲ್ಲ ವೈನಿ?”

“ದೇವ್ರಿಗೆ ಯಾರ ಹಚ್ಚಾಕತ್ತಾರೋ ಹಾಲೇಶಾ? ಸಾಹೇಬ್ರಿಗೆ ಹಚ್ಚಾಕ ಹೊಂಟೇನಿ. ಅವರೇನು ದೇವ್ರಾ? ಊರು ಕೊಟ್ಟಾವ್ರು. ಮತ್ತ ನಾಳಿ ಮುಂಜಾನೆ ಶಿದ್ಲಿಂಗಪ್ಪನ ಮನಿಗೆ ಬುಡ್ಡಿ ಕೊಡುವಾಗ ಏನಂತ ಕೊಡ್ಲಿ? ನೀನ ಹೇಳು, ಆ ಶಬ್ದ ಕಲಿಸು ನನಗ.”

ಅಪ್ಪನಿಗೆ ಆ ಶಬ್ದ ಹೊಳೆಯಲಿಲ್ಲ. ಆಗಲೇ ನಮ್ಮ ಮನೆ ಹಳ್ಳದ ಈಚೆ ದಂಡೆಗೆ ಬಂದಿತ್ತು. ನಮ್ಮ ಪಾಳಿ ಬಂದಾಗ ಅವನೇ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಹಚ್ಚಿದ. ಬುಡ್ಡಿ ನನ್ನ ಕೈಯಲ್ಲಿತ್ತು. ಹಳ್ಳದ ನೀರಿನ ಬಿಂಬದಲ್ಲಿ ಅಪ್ಪನ ಮೊಣಕಾಲಿನವರೆಗಿನ ಕಾಲು ಮಾತ್ರ ಕಾಣುತ್ತಿತ್ತು, ನಾನು ಕಾಣುತ್ತಿರಲಿಲ್ಲ. ಅದನ್ನು ಯಾಕೆ ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ ಎಂದು ಗೊತ್ತಿಲ್ಲ. ಎರಡು ವರ್ಷದ ಮೇಲೆ ಅಪ್ಪನಿಗೆ ಹಿರೇಕೆರೂರಿನ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ನಾವು ಊರು ಬಿಟ್ಟೆವು.

*

“ಯವ್ವಾ, ಹಾಲೇಶನ ಮಗಳಲ್ಲೇನು ನೀ?” ಮಲ್ಲೇಶಪ್ಪ ಕಾಕಾ ಕಾಲುವೆ ಸ್ಟಾಪಿನಲ್ಲೇ ಸಿಕ್ಕರು. ಒಂದು ಅವಧಿಗೆ ಪಂಚಾಯಿತಿ ಮೆಂಬರಾಗಿದ್ದವರು. ಊರಿನ ಪರವಾಗಿ ಕಚೇರಿಗಳಿಗೆ ಅಲೆಯುವವರು ಈಗಲೂ ಅವರೇ. “ಎರಡು ಜಡಿ ಹಾಕ್ಕೊಂಡು ಹಳ್ಳದಾಗ ಬೀಳತಿದ್ದಿ. ಈಗ ಊರು ಅಳ್ಯಾಕ ಬಂದೀ?”

“ಸರ್ಕಾರದ ಕೆಲಸ ಕಾಕಾ.”

“ಅಳಿ, ಅಳಿ. ಬಿಗಿ ಹಿಡದ ಅಳೀಬ್ಯಾಡ ಮತ್ತ. ಧಾರಾಳ ಅಳಿ.”

ಡ್ರೋನಿನ ಚಿತ್ರ ನನ್ನ ಟ್ಯಾಬಿನಲ್ಲಿತ್ತು. ರೋವರ್ ಕಂಬ ಹಿಡಿದು ಮನೆಯ ಮೂಲೆ ಮೂಲೆಗೆ ನಿಂತು ಬಿಂದು ತೆಗೆದುಕೊಳ್ಳುವುದು ನನ್ನ ಕೆಲಸ. ಕಾಲುವೆ ರಸ್ತೆಯ ಕಡೆ ನಲವತ್ತೇಳು ಮನೆ. ಹಳ್ಳದ ಆಚೆ ನಾಲ್ಕು. ನಡುವೆ ಮುನ್ನೂರ ನಲವತ್ತು ಮೀಟರು.

ಮೊದಲು ಊರೆಲ್ಲ ಇದ್ದದ್ದು ಆಚೆಯೇ. ಕಾಲುವೆ ರಸ್ತೆಗೆ ಬಸ್ಸು ಬಂದ ಮೇಲೆ ಒಂದೊಂದೇ ಮನೆ ಈಚೆಗೆ ಬಂತು. ಅಣ್ಣ ಆಚೆ, ತಮ್ಮ ಈಚೆ. ಕೊನೆಗೆ ನಾಲ್ಕು ಮನೆ ಉಳಿದವು.

ನಮ್ಮ ನಮೂನೆ ಅಷ್ಟು ದೂರವನ್ನು ಒಪ್ಪುವುದಿಲ್ಲ. ಮನೆಗಳು ಒಂದೇ ಗುಂಪಾಗಿರಬೇಕು. ದೂರದ ಮನೆಗಳನ್ನು ಬಿಡಬೇಕು. ಬಿಟ್ಟವಕ್ಕೆ ಹಕ್ಕುಪತ್ರ ಇಲ್ಲ, ಊರಿನ ಹೆಸರೂ ಇಲ್ಲ. ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲಿದೆ: ದೂರದ ಮನೆಗಳೂ ತಮ್ಮದೇ ಊರಿನವು ಎಂದು ಮುಖ್ಯ ಗುಂಪಿನ ಪಂಚರು ಹೇಳಿಕೆ ಕೊಟ್ಟರೆ ಸೇರಿಸಬಹುದು. ಕಾರಿಕೊಪ್ಪದ ಪಂಚರೆಂದರೆ ಮಲ್ಲೇಶಪ್ಪ ಕಾಕಾ.

“ಕಾಕಾ, ಆಚಿ ನಾಕ ಮನಿ?” ಎಂದು ಕೇಳಿದೆ.

ಅವರು ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿದರು. “ಅದ ನೋಡು ತೊಡಕು. ಹೋದ ಸಲ ಕಡತ ಯಾಕ ವಾಪಸ್ ಬಂತು ಗೊತ್ತೈತೇನು? ‘ಮನೆಗಳು ಚದುರಿವೆ’ ಅಂತ ಬರದು ಕಳಿಸಿದ್ರು. ಆರು ವರ್ಷ ಆತು ತಂಗಿ. ನಾಕ ಮನಿ ಸಲುವಾಗಿ ನಲವತ್ತೇಳು ಮನಿ ಕಾಯಬೇಕೇನು? ಅವನ್ನ ಬಿಟ್ಟು ಕಳಸು. ಮುಂದಿಂದು ಮುಂದ ನೋಡೂಣು.”

“ಭರಮವ್ವ ದೊಡ್ಡವ್ವ ಆಚಿ ಅದಾಳ ಕಾಕಾ.”

“ನನಗ ಗೊತ್ತಿಲ್ಲೇನು? ನಾ ಹುಟ್ಟಿದ್ದು ಆಚೀನ.” ಮತ್ತೆ ಟವೆಲ್ ಹೆಗಲಿಗೆ ಹಾಕಿಕೊಂಡರು. “ಬಿಟ್ಟು ಕಳಸು.”

ನಾನು ಹಳ್ಳ ದಾಟಿದೆ. ದಾಟುವ ಕಲ್ಲುಗಳಲ್ಲಿ ನಾಲ್ಕನೆಯದು ಅಲ್ಲಾಡುತ್ತದೆ ಎನ್ನುವುದು ಕಾಲಿಗೆ ನೆನಪಿತ್ತು. ಅದನ್ನು ಬಿಟ್ಟು ಹಾರಿದೆ. ಅಲ್ಲಾಡಿದ್ದು ಐದನೆಯದು.

ದೊಡ್ಡವ್ವ ಕಟ್ಟೆಯ ಮೇಲೆ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ಎಪ್ಪತ್ತು ದಾಟಿರಬೇಕು. ಹಿಂದಿನ ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ದೊಡ್ಡಪ್ಪನ ಫೋಟೋ. ನನ್ನ ಕೈಯಲ್ಲಿದ್ದ ರೋವರ್ ಕಂಬವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಬಡ್ಯಾಕ ಬಂದಿಯೇನು?”

“ಅಳ್ಯಾಕ ದೊಡ್ಡವ್ವಾ.”

“ಅಳಿಯೂದು ಇರ್ಲಿ. ನನ್ನ ಮನಿ ಕಾಗದದಾಗ ಬರ್ತೈತೋ ಇಲ್ಲೋ, ಅಷ್ಟ ಹೇಳು.”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂತ ಹೇಳಾಕ ಅಷ್ಟುದ್ದ ಕೋಲು ಬೇಕಾತೇನು?”

ಚಹಾ ಆಯಿತು. ಆಮೇಲೆ ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿ ಅವಳು ಹೇಳಿದಳು: “ನಿಮ್ಮ ದೊಡ್ಡಪ್ಪ ಸತ್ತಾಗ ಚೀಟಿ ಕೊಟ್ರಲ್ಲ, ಅದರಾಗ ‘ಮಾಸೂರು’ ಅಂತ ಬರದ್ರು. ಆ ಮನಶ್ಯಾ ಮಾಸೂರಾಗ ಒಂದಿನಾನೂ ಮಲಗಿ ಎದ್ದಾಂವಲ್ಲ. ಇಲ್ಲೆ ಹುಟ್ಟಿದಾಂವ, ಇಲ್ಲೆ ಸತ್ತಾಂವ. ನಾನು ಹೇಳಿದ್ನೆಪಾ, ಕಾರಿಕೊಪ್ಪ ಅಂತ ಬರೀರಿ ಅಂತ. ಅಂಥಾ ಊರ ಇಲ್ಲ ಬೇ ಅಂದ್ರು. ಈಗ ಊರು ಮಾಡ್ತಾರಂತ. ಮಾಡ್ಲಿ. ನನ್ನ ಚೀಟ್ಯಾಗರ ಕಾರಿಕೊಪ್ಪ ಅಂತ ಬರಬೇಕು. ಹಳ್ಳದಾಚಿ ಊರು ಆಗಿ, ನಾ ಇಲ್ಲೆ ಮತ್ತ ಮಾಸೂರಾಗ ಸಾಯಬೇಕೇನು?”

ನನ್ನ ನಾಲಿಗೆಯ ತುದಿಯಲ್ಲಿ ಬೇಚರಾಕ್ ಎಂಬ ಶಬ್ದದ ಅರ್ಥ ಇತ್ತು. ಹೇಳಲಿಲ್ಲ. ಮಾತು ಬದಲಿಸಬೇಕೆಂದು ಕೇಳಿದೆ: “ಈಗಲೂ ಪಾಳಿ ನಡದೈತೇನು?”

“ಇಲ್ಲದ ಏನು?”

“ಹೆಂಗ ಬರ್ತೈತಿ? ಯಾರಾದಮ್ಯಾಲ ಯಾರು?”

ಅವಳು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತ ಹೇಳತೊಡಗಿದಳು. “ಮೊದಲಿಗೆ ನಾನು. ನನ್ನ ಆದಮ್ಯಾಲ ಶಿದ್ಲಿಂಗಪ್ಪ. ಆಂವ ಆಚಿ ಹೋಗ್ಯಾನ, ಆದ್ರ ಪಾಳಿ ನನ್ನ ಮಗ್ಗಲದಾಗ ಐತಿ. ಆಮ್ಯಾಲ ಅವನ ತಮ್ಮ, ಅಲ್ಲಿ ನೋಡು, ಆ ಕೆಂಪು ಹೆಂಚಿನ ಮನಿ, ಆಂವ ಇಲ್ಲೆ ಉಳದಾನ…” ನಾನು ಟ್ಯಾಬಿನಲ್ಲಿ ಆ ಮನೆಗಳನ್ನು ಅದೇ ಕ್ರಮದಲ್ಲಿ ಒತ್ತುತ್ತ ಹೋದೆ. ಎಲ್ಲಿಯೂ ಬರೆದಿಡದ ಪಟ್ಟಿ. ಅವಳು ಒಮ್ಮೆಯೂ ತಡವರಿಸಲಿಲ್ಲ.

ಕೊನೆಗೆ ನೋಡಿದರೆ ಐವತ್ತೆರಡು. ಡ್ರೋನಿನ ಪ್ರಕಾರ ಮನೆಗಳು ಐವತ್ತೊಂದು.

“ಒಂದು ಹೆಚ್ಚಾತಲ್ಲ ದೊಡ್ಡವ್ವಾ. ಇಪ್ಪತ್ತೊಂಬತ್ತನೇದು ಇನ್ನೊಮ್ಮೆ ಹೇಳು, ಅಲ್ಲೆ ನನಗ ಮನಿ ಸಿಗಲಿಲ್ಲ.”

“ಹಾಲೇಶ.”

ನಾನು ಟ್ಯಾಬಿನಲ್ಲಿ ಆ ಜಾಗವನ್ನು ದೊಡ್ಡದು ಮಾಡಿ ನೋಡಿದೆ. ನಮ್ಮ ಮನೆ ಇದ್ದಲ್ಲಿ ಈಗ ಒಂದು ಪಾಯ, ಅದರೊಳಗೆ ಕಾರಿಗಿಡ. ಮೇಲಿನಿಂದ ನೋಡಿದರೆ ಹಸಿರು ಕಲೆ. “ನಾವು ಊರು ಬಿಟ್ಟು ಹದಿನೈದು ವರ್ಷ ಆತು. ಅಪ್ಪ ತೀರಿಕೊಂಡ ನಾಕ ವರ್ಷ.”

“ಅದಕ್ಕ? ನೀವು ಹೋದ್ರಿ. ಪಾಳಿ ಎಲ್ಲಿ ಹೊಕ್ಕೈತಿ? ನಾನ ಹಚ್ಚತೇನಿ, ನಿಮ್ಮ ಹೆಸರಿಲೆ.”

*

ಕಚೇರಿಯಲ್ಲಿ ಆ ಐವತ್ತೆರಡು ಬಿಂದುಗಳನ್ನು ಪಾಳಿಯ ಕ್ರಮದಲ್ಲಿ ಗೆರೆಯಿಂದ ಜೋಡಿಸಿದೆ. ಯಾಕೆ ಹಾಗೆ ಮಾಡಿದೆನೋ. ದಿನವೂ ಗೆರೆ ಎಳೆಯುವವರಿಗೆ ಎರಡು ಚುಕ್ಕೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಗೆರೆ ಹಳ್ಳವನ್ನು ಎಂಟು ಸಲ ದಾಟಿತು. ಆಚೆ ಹೋಗಿ, ಒಂದು ಮನೆ ಮುಟ್ಟಿ, ಈಚೆ ಬಂದು, ಏಳೆಂಟು ಮನೆ ಸುತ್ತಿ, ಮತ್ತೆ ಆಚೆ. ಮಗುವೊಂದು ಹೊಲಿಗೆ ಹಾಕಲು ಕಲಿತಂತೆ ಇತ್ತು.

ಶ್ರೀಪಾದ ಸರ್ ಕನ್ನಡಕ ಮೇಲಕ್ಕೆತ್ತಿ ನೋಡಿದರು. ಪಾಳಿಯ ಬಗ್ಗೆ ಹೇಳಿದೆ. ದಿನಾ ಸಂಜೆ ಒಂದು ದೀಪ ಹಚ್ಚುತ್ತಾರೆ, ಸರದಿಯ ಮೇಲೆ ಎಂದಷ್ಟೇ. ಯಾರಿಗೆ ಎಂದು ಹೇಳಲಿಲ್ಲ.

“ಛಂದ ಅದ. ಆದ್ರ ಇದಕ್ಕ ಕಾಲಮ್ ಇಲ್ಲಲ್ರಿ. ಪಂಚರು ಏನ ಹೇಳ್ತಾರೋ ಅದ ಮಾತು. ಗುರುವಾರ ನಾನ ಬರ್ತೀನಿ, ಪಂಚನಾಮೆ ಮಾಡೂಣು.”

ಗುರುವಾರ ನಾಲ್ಕೂವರೆಗೆ ಕಾಲುವೆ ಸ್ಟಾಪಿನ ಹುಣಸೆ ಮರದ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಊರಿನ ಮುಕ್ಕಾಲು ಜನ ಸೇರಿತ್ತು. ದೊಡ್ಡವ್ವ ಹಳ್ಳ ದಾಟಿ ಬಂದು ಒಂದು ಬದಿಗೆ ಕೂತಿದ್ದಳು, ಸೆರಗು ಹೊದ್ದು, ಮದುವೆಗೆ ಬಂದವಳಂತೆ. ನಾನು ಸರ್ ಪಕ್ಕದಲ್ಲಿ ನಕಾಶೆ ಹಿಡಿದು ನಿಂತಿದ್ದೆ. ಹೇಳಿಕೆ ಊರಿನವರದೇ ಆಗಬೇಕು, ನಾನು ಬಾಯಿ ತೆರೆಯುವಂತಿರಲಿಲ್ಲ.

ಸರ್ ಒಂದೊಂದೇ ಪ್ರಶ್ನೆ ಓದಿದರು. ಮಲ್ಲೇಶಪ್ಪ ಕಾಕಾ ಉತ್ತರ ಕೊಟ್ಟರು. ಕೊನೆಯದು ಬಂತು.

“ಹಳ್ಳದ ಆಚಿನ ನಾಕ ಮನಿ ನಿಮ್ಮೂರಿಗೆ ಸೇರಿದ್ವೋ, ಬ್ಯಾರೆನೋ?”

ಕಾಕಾ ಯಾರ ಕಡೆಗೂ ನೋಡಲಿಲ್ಲ. “ಬ್ಯಾರೆ ರೀ ಸಾಹೇಬ್ರ.”

ಸರ್ ಬರೆದುಕೊಳ್ಳತೊಡಗಿದರು. ಹಿಂದಿನಿಂದ ಒಂದು ಹೆಣ್ಣುದನಿ ಬಂತು. ಸುಜಾತಾ, ಈಚೆ ಕಡೆಯ ಸೊಸೆ, ಮಾತಿಗೆ ಹೆದರುವವಳಲ್ಲ.

“ಬ್ಯಾರೆ ಹೆಂಗ ಆಗ್ತಾವ ಕಾಕಾ? ಬೇಚರಾಕ ಸಾಹೇಬ್ರು ಅಲ್ಲೇ ಅದಾರಲ್ಲ?”

ಸರ್ ಪೆನ್ನು ನಿಂತಿತು. “ಯಾರು?”

ಹತ್ತು ಜನ ಒಮ್ಮೆಲೇ ಹೇಳಿದರು. ಕಾಲುವೆ, ಕಾರಕೂನ, ಪುಸ್ತಕ, ಕಲ್ಲು, ಸಾಹೇಬರು ಲಗ್ನ ಆಗಿರಲಿಲ್ಲ ಎಂಬುದು. ಸರ್ ಮುಖ ಅರಳಿತು. ಶಬ್ದವೊಂದರ ಅರ್ಥ ತಪ್ಪಾಗಿ ಸಿಕ್ಕಾಗ ಅವರು ತಡೆದುಕೊಳ್ಳಲಾರರು ಎನ್ನುವುದು ನನಗೆ ಗೊತ್ತಿತ್ತು. “ಸರ್” ಎಂದೆ. ಅವರಿಗೆ ಕೇಳಿಸಲಿಲ್ಲ.

“ಹಂಗಲ್ರಿ ಅದು! ಬೇಚರಾಕ್ ಅಂದ್ರ ಮನಶ್ಯಾ ಅಲ್ಲ. ಬೇ ಚಿರಾಗ್. ದೀಪ ಇಲ್ಲದ್ದು. ಯಾರೂ ಇಲ್ಲದ ಖಾಲಿ ಊರು ಅಂತ ಅರ್ಥ. ಕಾರಕೂನ ಹೇಳಿದ್ದು ಅದನ್ನ. ಆ ಕಲ್ಲಿನ ಮ್ಯಾಲಿನ ‘ಬೇ’ನೂ ಅದನ. ಸಾಹೇಬ ಅಂತ ಯಾರೂ ಇದ್ದಿದ್ದೇ ಇಲ್ಲ.”

ಯಾರೋ ಒಬ್ಬರು ನಕ್ಕರು. ಉಳಿದವರು ನಗದಿದ್ದಾಗ ಅವರೂ ನಿಲ್ಲಿಸಿದರು. ಸರ್‌ಗೆ ತಾನು ಏನು ಮಾಡಿದೆ ಎಂಬುದು ನಿಧಾನ ಗೊತ್ತಾಯಿತು. ಕನ್ನಡಕ ತೆಗೆದು ಒರೆಸಿಕೊಂಡರು.

ಶಿದ್ಲಿಂಗಪ್ಪ ಅಜ್ಜ ಕೇಳಿದ: “ಹಂಗಾರ ಇಷ್ಟ ವರ್ಷ ನಾವು ಹಚ್ಚಿದ್ದು ಯಾರಿಗಿರಿ?”

ದೊಡ್ಡವ್ವ ನನ್ನ ಕಡೆ ನೋಡಿದಳು.

“ನಿನಗ ಗೊತ್ತಿತ್ತೇನು?”

“ಇಲ್ಲೆ ಬರೂ ಮುಂಚೆ ಗೊತ್ತಾತು.”

“ನನ್ನ ಕಟ್ಟಿ ಮ್ಯಾಲ ಕುಂತು ಚಾ ಕುಡದಿ.”

ನನಗೆ ನಿಲ್ಲಲು ಜಾಗ ಸಾಲದಂತಾಯಿತು.

ಬಿಸಿಲು ಹುಣಸೆ ಮರದ ಬುಡ ಬಿಟ್ಟು ಹೋಗಿತ್ತು. ಕಾಲುವೆಯ ಆಚೆಯ ಗದ್ದೆಗಳಿಂದ ಕೆಲಸ ಬಿಟ್ಟು ಬರುವವರು ನಿಂತು ನೋಡುತ್ತಿದ್ದರು. ದೊಡ್ಡವ್ವ ಯಾರನ್ನೂ ಕುರಿತಲ್ಲದಂತೆ ಕೇಳಿದಳು: “ಬುಡ್ಡಿ ಇವತ್ತ ಯಾರ ಮನ್ಯಾಗ ಐತಿ?”

“ನಿನ್ನೆ ನಾ ಹಚ್ಚಿದ್ದೆ,” ಸುಜಾತಾ ಅಂದಳು. “ಮುಂಜಾನೆ ಕಾಕಾರ ಮನಿಗೆ ಕೊಟ್ಟೇನಿ.”

ಎಲ್ಲರೂ ಮಲ್ಲೇಶಪ್ಪ ಕಾಕಾನ ಕಡೆ ತಿರುಗಿದರು.

“ಸಾಹೇಬನ ಇಲ್ಲ ಅಂತ ಸಾಹೇಬ್ರ ಹೇಳಾಕತ್ತಾರಲ್ಲ ಬೇ ಭರಮವ್ವ,” ಅವರು ನಗಲು ನೋಡಿದರು. “ಇನ್ನ ಯಾಕ ಬುಡ್ಡಿ?”

“ಹಚ್ಚಬ್ಯಾಡ,” ದೊಡ್ಡವ್ವ ಅಂದಳು. “ಯಾರ ಬಲವಂತ ಮಾಡ್ಯಾರ? ನಾಳಿ ಮುಂಜಾನೆ ಮುಂದಿನ ಮನಿಗೆ ಬುಡ್ಡಿ ಕೊಡು. ಕೊಡುವಾಗ ‘ಹಚ್ಚಿಲ್ಲ’ ಅಂತ ಹೇಳಿ ಕೊಡು. ಅಷ್ಟ ಮಾಡು.”

ಕಾಕಾ ಟವೆಲ್ ತೆಗೆದರು, ಕೊಡವಿದರು, ಮತ್ತೆ ಹಾಕಿಕೊಂಡರು. ಎದ್ದರು. ತಮ್ಮ ಮನೆಯ ಕಡೆ ಹೋದರು. ಸಿಟ್ಟಾಗಿ ಹೋದರೆಂದು ಎಲ್ಲರೂ ತಿಳಿದೆವು. ಸ್ವಲ್ಪ ಹೊತ್ತಿಗೆ ಬುಡ್ಡಿ ಹಿಡಿದು ಹೊರಗೆ ಬಂದರು. ನಮ್ಮನ್ನು ನೋಡದೆ, ಏನೋ ಗೊಣಗುತ್ತ, ಹಳ್ಳದ ಇಳಿಜಾರಿನ ಕಡೆ ನಡೆದರು.

ಶ್ರೀಪಾದ ಸರ್ ಪಂಚನಾಮೆಯ ಹಲಗೆ ಬಗಲಲ್ಲಿಟ್ಟು ಬೂಟು ಬಿಚ್ಚಿದರು. “ನಡೀರಿ,” ಅಂದರು ನನಗೆ. ಪ್ಯಾಂಟು ಮಡಚಿಕೊಂಡು ಹಳ್ಳಕ್ಕೆ ಇಳಿದರು. ಐದನೆಯ ಕಲ್ಲು ಅಲ್ಲಾಡುತ್ತದೆ ಎಂದು ಅವರಿಗೆ ಹೇಳಿದೆ. ನಮ್ಮ ಹಿಂದೆ ದೊಡ್ಡವ್ವ, ಅವಳ ಹಿಂದೆ ಅರ್ಧ ಊರು.

ಕಲ್ಲು ನನ್ನ ಸೊಂಟದವರೆಗೆ ಬಂತು. ಮೊದಲು ನನ್ನ ಕತ್ತಿನವರೆಗಿತ್ತು. ಗಾಳಿಗೆ ದೀಪ ಆರದಂತೆ ಮೂರು ಕಡೆ ಹೆಂಚು ನಿಲ್ಲಿಸಿದ್ದರು. ಎಣ್ಣೆಯ ಮಸಿ ಎಷ್ಟು ದಪ್ಪವಾಗಿತ್ತೆಂದರೆ ‘ಬೇ’ ಅಕ್ಷರ ತುಂಬಿಹೋಗಿತ್ತು. ಸರ್ ಬೆರಳಿನಿಂದ ಅದನ್ನು ಹುಡುಕಿದರು, ಸಿಗಲಿಲ್ಲ. ಬೆರಳು ಕಪ್ಪಾಯಿತು. ಒರೆಸಿಕೊಳ್ಳಲಿಲ್ಲ.

ಕಾಕಾ ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ಕಡ್ಡಿ ಗೀರಿದರು. ಮೊದಲನೆಯದು ಆರಿತು. ಎರಡನೆಯದೂ. ಮೂರನೆಯದಕ್ಕೆ ಯಾರೂ ಹೇಳದಿದ್ದರೂ ನಾಲ್ಕು ಜನ ಗಾಳಿಗೆ ಅಡ್ಡ ನಿಂತರು. ಹತ್ತಿತು.

“ಮಲ್ಲೇಶಪ್ಪನವರ,” ಸರ್ ಮೆಲ್ಲಗೆ ಕೇಳಿದರು, “ಸಾಹೇಬಂದಂತೂ ಅಲ್ಲ. ಮತ್ತ ಯಾರದಿದು ದೀಪ?”

“ನಮ್ಮೂರದರಿ,” ಕಾಕಾ ಬತ್ತಿ ನೋಡುತ್ತಲೇ ಅಂದರು.

ಅಂದ ಮೇಲೆ ತಾವು ಅಂದದ್ದು ಏನೆಂದು ಅವರಿಗೇ ಕೇಳಿಸಿತು. ಬುಡ್ಡಿ ಕೆಳಗಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದರು.

“ಬರಕೋರಿ. ಈಗ ಹೇಳಿದ್ದು ಬರಕೋರಿ. ಮೊದಲ ಹೇಳಿದ್ದು ಹೊಡದು ಹಾಕ್ರಿ.”

“ಕಡತ ಮತ್ತ ವಾಪಸ್ ಬಂದ್ರ?”

“ಬಂದ್ರ ಮತ್ತ ತಗೊಂಡು ಅಡ್ಡಾಡತೇನಿ. ಮುಂಜಾನೆ ಬುಡ್ಡಿ ಕೊಡಾಕ ಹೋಗಾವ ನಾನು, ನೀವಲ್ಲಲ್ರಿ ಸಾಹೇಬ್ರ.”

ಸರ್ ಅಲ್ಲೇ ದೀಪದ ಬೆಳಕಿಗೆ ಹಲಗೆ ಹಿಡಿದು ಬರೆದರು. ಕಾಕಾ ಸಹಿ ಮಾಡಿದರು. ದೊಡ್ಡವ್ವ ಆಗಲೇ ತನ್ನ ಮನೆಯ ಕಡೆ ಹೊರಟಿದ್ದಳು. ನನ್ನನ್ನು ಕರೆಯಲಿಲ್ಲ.

*

ನಮೂನೆಯ ಹನ್ನೊಂದನೆಯ ಕಾಲಮ್ಮಿನಲ್ಲಿ ಸರ್ ತಮ್ಮ ಕೈಯಾರೆ ಹೀಗೆ ಬರೆದರು: ‘ಬೇಚರಾಕ್ ಷರಾ ತೆಗೆದುಹಾಕಿದೆ. ಸಂಜೆ ದೀಪ ಇರುತ್ತದೆ.’ ಎರಡನೆಯ ವಾಕ್ಯ ಯಾವ ಸುತ್ತೋಲೆಯಲ್ಲೂ ಇಲ್ಲ.

ಆಮೇಲೆ ನನ್ನ ನಕಾಶೆಯನ್ನು ಮತ್ತೊಮ್ಮೆ ತರಿಸಿಕೊಂಡರು. ಗೆರೆಯ ಮೇಲೆ ಬೆರಳು ಓಡಿಸುತ್ತ ಇಪ್ಪತ್ತೊಂಬತ್ತನೆಯ ಚುಕ್ಕೆಯ ಮೇಲೆ ನಿಂತರು. “ಇಲ್ಲೆ ಮನಿ ಇಲ್ಲ.”

“ಇಲ್ರಿ.”

“ಯಾರದು?”

“ಹಾಲೇಶ ಅಂತ.”

ಅವರು ನನ್ನ ಸಹಿಯ ಕಡೆ ನೋಡಿದರು. ‘ಸಮತಾ ಹಾಲೇಶ’ ಎಂದಿತ್ತು. “ಚುಕ್ಕಿ ಅಳಿಸಿಬಿಡ್ರಿ. ಇಲ್ಲದ ಮನಿ ತೋರಿಸಲಿಕ್ಕೆ ಬರೂದಿಲ್ಲ.” ಕಾಗದ ಮಡಚಿ ವಾಪಸ್ ಕೊಡುತ್ತ ಅಂದರು, “ಗೆರಿ ಇರ್ಲಿ.”

ಚುಕ್ಕೆ ಅಳಿಸಿದೆ. ಗೆರೆ ಸುಜಾತಾಳ ಓಣಿಯ ಕೊನೆಯ ಮನೆಯಿಂದ ಹೊರಟು, ಏನೂ ಇಲ್ಲದ ಕಡೆ ಹೋಗಿ, ಅಲ್ಲಿ ಬಾಗಿ, ಅಂಬರೀಶ ಎಂಬುವನ ಮನೆಗೆ ಬರುತ್ತದೆ. ಆ ನಕಾಶೆ ಕಡತದಲ್ಲಿ ಹೋಗಲಿಲ್ಲ. ನನ್ನ ಬಳಿ ಇದೆ.

ಕಡತ ವಾಪಸ್ ಬರಲಿಲ್ಲ. ಜೂನ್ ತಿಂಗಳಲ್ಲಿ ಐವತ್ತೊಂದು ಹಕ್ಕುಪತ್ರಗಳು ಬಂದವು. ದೊಡ್ಡವ್ವ ತನ್ನದನ್ನು ಇಸಿದುಕೊಂಡು, ಓದಲು ಬಾರದಿದ್ದರೂ ಮೇಲಿನಿಂದ ಕೆಳಗೆ ನೋಡಿ, ಸುಜಾತಾಳಿಂದ ಓದಿಸಿ, ಊರಿನ ಹೆಸರು ಬಂದಲ್ಲಿ ಇನ್ನೊಮ್ಮೆ ಓದು ಅಂದಳಂತೆ. ನಾನು ಅಲ್ಲಿರಲಿಲ್ಲ. ಫೆಬ್ರವರಿಯಿಂದ ಅವಳು ನನ್ನ ಜೊತೆ ಮಾತಾಡಿರಲಿಲ್ಲ.

ಮಾತಾಡಿದ್ದು ಜುಲೈಯಲ್ಲಿ. ಸುಜಾತಾಳ ಫೋನಿನಿಂದ.

“ಬರೂ ಮಂಗಳವಾರ ಹಾಲೇಶನ ಪಾಳಿ. ಇನ್ನಮ್ಯಾಲ ನಿಮ್ಮದು ನಾ ಹಚ್ಚಂಗಿಲ್ಲ. ನನಗ ಮಣಕಾಲು ನೋವು.”

“ದೊಡ್ಡವ್ವಾ, ನಾ ಅವತ್ತ ಹೇಳಬೇಕಾಗಿತ್ತು…”

“ಹಳ್ಳಕ್ಕ ನೀರು ಬಂದೈತಿ. ಬೆಳಕಿರೂದ್ರಾಗ ಬಾ,” ಎಂದು ಫೋನಿಟ್ಟಳು.

ಮಂಗಳವಾರ ಅರ್ಧ ದಿನದ ರಜೆ ಹಾಕಿ ಹೋದೆ. ಬಸ್ಸಿನಲ್ಲಿ ಟಿಕೆಟ್ ಕೇಳುವಾಗ “ಕಾರಿಕೊಪ್ಪ” ಎಂದೆ. ಕಂಡಕ್ಟರ್ “ಎಲ್ಲಿ?” ಎಂದ. “ಕಾಲುವಿ ಸ್ಟಾಪು” ಎಂದೆ. ಬುಡ್ಡಿ ನಮ್ಮ ಮನೆಯ ಪಾಯದ ಮೇಲೆ, ಕಾರಿಗಿಡದ ನೆರಳಿನಲ್ಲಿ ಇಟ್ಟಿತ್ತು. ತಂದಿಟ್ಟವರು ಯಾರೂ ಅಲ್ಲಿ ನಿಂತಿರಲಿಲ್ಲ. ಹಳ್ಳದಲ್ಲಿ ನೀರು ಮೊಣಕಾಲಿಗೆ ಬಂತು. ದೀಪ ಹಚ್ಚಿದೆ. ದೊಡ್ಡವ್ವ ತನ್ನ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಹೋಗುವಾಗ ಬಾಗಿಲು ಹಾಕಲಿಲ್ಲ. ರಾತ್ರಿ ಅಲ್ಲೇ ಊಟ ಮಾಡಿ ಮಲಗಿದೆ. ನಾವಿಬ್ಬರೂ ಸಾಹೇಬರ ಮಾತು ಎತ್ತಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಮುಂಚೆ ಬುಡ್ಡಿ ತುಂಬಿಸಿಕೊಂಡು ಅಂಬರೀಶನ ಮನೆಗೆ ಹೋದೆ. ಅವನ ಹೆಂಡತಿ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ನಾನು ಯಾರ ಮಗಳೆಂದು ಅವಳಿಗೆ ಗೊತ್ತಿರಲಿಲ್ಲ. ಕೈ ಒರೆಸಿಕೊಂಡು ಬಂದು ಸುಮ್ಮನೆ ಕೈ ಚಾಚಿದಳು.

“ಹಚ್ಚೇವಿ,” ಎಂದೆ.